ಬಾಬಾ ನೋಡಬೇಕೆಂದ ಮಂಗಳೂರು

ಜಾಬ್ರಿಯಾ, ಕುವೈತ್
8 ನವೆಂಬರ್ 2024

ಪ್ರೀತಿಯ ಮಗಳು ಡೆಲ್ಮಾಳಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ಸಿಕ್ಕಿ ಎಂಟು ದಿನವಾಯಿತು. ಸಿಕ್ಕಿತೆಂದು ಹೆಬ್ಬೆರಳಿನ ಚಿತ್ರ ಒಂದನ್ನು ಕಳಿಸಿ ಸುಮ್ಮನಾದೆ. ಶಾಲೆಯ ಕೆಲಸದ ನಡುವೆ ಕೂತು ಅಷ್ಟು ಚೆನ್ನಾಗಿ ಬರೆದು ಕಳಿಸಿದವಳಿಗೆ ಅದು ಸಾಲದು, ನನಗೆ ಗೊತ್ತುಂಟು. ಬೇಸರ ಮಾಡಬೇಡ. ಈ ಮನೆಯಲ್ಲಿ ನಡೆದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ನನ್ನ ಕೋಣೆ ಅಡುಗೆಮನೆಗೆ ಅಂಟಿಕೊಂಡಿದೆ, ಅಲ್ಲಿ ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಶುವೈಖ್ ಗ್ಯಾರೇಜಿನಲ್ಲಿರುವ ನಮ್ಮ ಆಸ್ಟಿನ್ ಭಾನುವಾರ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಮನೆಯಲ್ಲಿ ನಮ್ಮದು ಕೊಂಕಣಿಯಾದರೂ ಪೆನ್ನು ಹಿಡಿದರೆ ನನಗೆ ಬರುವುದು ಸಿಸ್ಟರುಗಳು ಕಲಿಸಿದ ಕನ್ನಡವೇ. ನೀನು ಟೀಚರು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಅಪೊಲೋನಿಯಾ ಮಾವ್ಶಿಯ ಮೊಣಕಾಲು ಹೇಗಿದೆ? ಆಸ್ಟಿನ್ ಹತ್ತಿರ ಮುಲಾಮು ಕಳಿಸಿದ್ದೇನೆ. ಬಿಸಿ ಮಾಡಿ ಹಚ್ಚಬಾರದು, ಹಾಗೆಯೇ ಹಚ್ಚಬೇಕು. ಅಕ್ಕ ನನ್ನ ಮಾತು ಕೇಳುವವಳಲ್ಲ, ನೀನೇ ಹಚ್ಚಿಕೊಡು.

ಈಗ ವಿಷಯಕ್ಕೆ ಬರುತ್ತೇನೆ. ನಾನು ನೋಡಿಕೊಳ್ಳುವ ಬಾಬಾ ಜಾಸಿಮ್ ಬಗ್ಗೆ ನಿನಗೆ ಅಲ್ಪಸ್ವಲ್ಪ ಹೇಳಿದ್ದೆ. ಎಪ್ಪತ್ತೆಂಟು ವರ್ಷ. ಎಡಗಾಲು, ಎಡಗೈ ಸ್ವಾಧೀನವಿಲ್ಲ, ಮಾತಿಗೆ ಏನೂ ತೊಂದರೆಯಿಲ್ಲ. ಕ್ಲಿನಿಕ್ಕಿನ ಕೆಲಸ ಬಿಟ್ಟು ಈ ಮನೆಗೆ ಬಂದು ಆರು ವರ್ಷವಾಯಿತು. ಅವರ ಹೆಂಡತಿ ಹೋದ ವರ್ಷ ತೀರಿಕೊಂಡರು. ಮಗ ನಾಸಿರ್ ಬೇರೆ ಮನೆ ಮಾಡಿದ್ದಾನೆ, ಇಲ್ಲೇ ರಾಯ್‌ನಲ್ಲಿ ಅವನದು ಕಾರಿನ ಶೋರೂಮು. ಮಗಳು ಲೈಲಾ ತಂದೆಯ ಜೊತೆಗೇ ಇದ್ದಾಳೆ. ನನ್ನನ್ನು ಒಂದು ದಿನವೂ ಕೆಲಸದವಳಂತೆ ಕಂಡವಳಲ್ಲ.

ಚಳಿಗಾಲದಲ್ಲಿ ತಂದೆಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಲೈಲಾಳಿಗೆ ಆಸೆ. ಬಾಬಾ ಇಂಡಿಯಾ ಅಂದರು. ಸರಿ, ತಾಜಮಹಲು ಎಂದು ಅವಳು ನಕ್ಕಳು. ಬಾಬಾ "ಅಲ್ಲ, ಮಂಗಳೂರು" ಅಂದರು. ನನ್ನ ಸಂತೋಷಕ್ಕಾಗಿ ಹೇಳಿದರೆಂದು ಇಬ್ಬರೂ ತಿಳಿದುಕೊಂಡೆವು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವತ್ತೇ ನಿನಗೆ ಫೋನು ಮಾಡಿ, "ಹಳೆಯ ಜಾಗಗಳ ಪಟ್ಟಿ ಕಳಿಸು, ಗಾಲಿಕುರ್ಚಿ ಹೋಗುವಂಥದ್ದು" ಎಂದೆ.

ಹೋದ ಶುಕ್ರವಾರ ಮಧ್ಯಾಹ್ನದ ಊಟವಾದ ಮೇಲೆ ಮೂವರೂ ಹಾಲಿನಲ್ಲಿ ಕೂತೆವು. ನಿನ್ನ ಪಟ್ಟಿ ನನ್ನ ಕೈಯಲ್ಲಿ, ಐಪ್ಯಾಡು ಲೈಲಾಳ ಕೈಯಲ್ಲಿ. ನಾನು ಹೆಸರು ಹೇಳುವುದು, ಅವಳು ಚಿತ್ರ ತೆಗೆದು ತಂದೆಗೆ ತೋರಿಸುವುದು. ಊರಿನಲ್ಲಿ ಸಿಗುವುದು ಎರಡು ದಿನ, ಬಾಬಾ ಹನ್ನೆರಡು ಗಂಟೆಯ ಮೇಲೆ ಸುಸ್ತಾಗುತ್ತಾರೆ. ಹಾಗಾಗಿ ನಿನ್ನ ಏಳರಲ್ಲಿ ಮೂರನ್ನು ಆರಿಸಬೇಕಿತ್ತು. ಅಲೋಶಿಯಸ್ ಚಾಪೆಲಿನ ಗೋಡೆ, ಛಾವಣಿಯ ತುಂಬ ಇರುವ ಚಿತ್ರ ನೋಡಿ ಲೈಲಾ ಅಲ್ಲೇ ಸೋತಳು. "ಸಿಸಿಲಿಯಾ, ಇಂಥದ್ದು ಇಟ್ಟುಕೊಂಡು ನೀನು ಇಲ್ಲಿ ಏನು ಮಾಡುತ್ತಿದ್ದೀ?" ಅಂದಳು. ಕದ್ರಿಯ ಕಂಚಿನ ಮೂರ್ತಿ ಸಾವಿರ ವರ್ಷದ್ದೆಂದು ನೀನು ಬರೆದದ್ದನ್ನು ಹೇಳಿದೆ. ಮಿಲಾಗ್ರಿಸ್ ಚರ್ಚಿನ ಬಗ್ಗೆ ನಾನೇ ಸ್ವಲ್ಪ ಹೆಚ್ಚು ಹೇಳಿರಬೇಕು, ನಿನ್ನ ಪಪ್ಪಾ ಮತ್ತು ನಾನು ಮದುವೆಯಾದದ್ದು ಅಲ್ಲಿ ಅಲ್ಲವೇ. ಸುಲ್ತಾನ್ ಬತ್ತೇರಿಗೆ ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಹೋಗಿಲ್ಲವೆಂದು ಹೇಳಲು ನಾಚಿಕೆಯಾಗಿ, ಬಹಳ ಚೆಂದದ ಕೋಟೆ ಎಂದೆ. ಚಿತ್ರ ಬಂತು. ಒಂದು ಕಲ್ಲಿನ ಬುರುಜು. ಲೈಲಾ ನನ್ನ ಮುಖ ನೋಡಿದಳು.

ಒಂದೊಂದಕ್ಕೂ ಬಾಬಾ "ಲಾ" ಅನ್ನುತ್ತಿದ್ದರು. ಬೇಡ. ಕಣ್ಣು ಮುಚ್ಚಿಕೊಂಡೇ ಬೇಡ. ಲೈಲಾಳಿಗೆ ರೇಗಿತು. "ಯಾಬಾ, ಆ ಊರೇ ಬೇಕು ಅಂದವರು ನೀವು. ಏನನ್ನೂ ನೋಡದೆ ಹೋಟೆಲಿನಲ್ಲಿ ಮಲಗುತ್ತೀರಾ?"

ಆಮೇಲೆ ಬಂದರಿನ ಜೀನತ್ ಭಕ್ಷ್ ಮಸೀದಿಯ ಚಿತ್ರ ಬಂತು. ಒಳಗಿನ ಕೆತ್ತನೆಯ ಮರದ ಕಂಬಗಳು. ಬಾಬಾ ಕಣ್ಣು ತೆರೆದವರು ಮುಚ್ಚಲಿಲ್ಲ. ಬಲಗೈ ಚಾಚಿ ಐಪ್ಯಾಡನ್ನು ಹತ್ತಿರ ಎಳೆದುಕೊಂಡು, ಆ ಕಂಬದ ಮೇಲೆ ಬೆರಳಿಟ್ಟು, ಮೆಲ್ಲಗೆ ಏನೋ ಅಂದರು. ನನಗೆ ಸರಿಯಾಗಿ ಕೇಳಿಸಿತು. "ಬಾ ಮೋನೆ" ಅಂದರು.

ಡೆಲ್ಮಾ, ಅದು ಅರಬ್ಬಿಯಲ್ಲ. ನಮ್ಮೂರ ಮುಸ್ಲಿಮರ ಬ್ಯಾರಿ ಭಾಷೆ. ಬಾ ಮಗನೇ ಎಂದು. ನಮ್ಮ ಕುದ್ರೋಳಿಯ ಮನೆಯ ಪಕ್ಕದಲ್ಲಿ ಬ್ಯಾರಿಗಳ ಮಕ್ಕಳ ಜೊತೆ ಆಡಿ ಬೆಳೆದವಳು ನಾನು, ಸಂಜೆಯಾದರೆ ಅವರ ತಾಯಂದಿರು ಬಾಗಿಲಿಗೆ ಬಂದು ಕೂಗುತ್ತಿದ್ದದ್ದು ಅದನ್ನೇ. ಹುಟ್ಟಾ ಕುವೈತಿ, ಈ ದೊಡ್ಡ ಮನೆಯ ಯಜಮಾನ, ಆರು ವರ್ಷದಿಂದ ನನ್ನ ಹತ್ತಿರ ಅರಬ್ಬಿ ಬಿಟ್ಟು ಒಂದು ಶಬ್ದ ಆಡದವರು.

"ಬಾಬಾ, ಈ ಮಾತು ನಿಮಗೆ ಯಾರು ಕಲಿಸಿದರು?" ಎಂದೆ.

"ನನ್ನ ತಾಯಿ" ಅಂದರು.

ಲೈಲಾ ನಗಲು ಹೋದಳು, ಆಗಲಿಲ್ಲ. ಅವಳ ಅಜ್ಜಿಯನ್ನು ಮಣ್ಣು ಮಾಡಿದ್ದು ಇಲ್ಲೇ, ಅವಳೇ ಕಂಡಿದ್ದಾಳೆ. "ಅವಳು ನನ್ನನ್ನು ಸಾಕಿದವಳು. ಹೆತ್ತವಳು ಬೀಫಾತಿಮಾ. ಮಂಗಳೂರಿನ ಬಂದರಿನಲ್ಲಿ ಅವಳ ಮನೆ" ಅಂದರು ಬಾಬಾ.

ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಅವರ ತಂದೆ ನಖೋದಾ, ಎಂದರೆ ಹಾಯಿಹಡಗು ನಡೆಸುವವರು. ವರ್ಷಕ್ಕೊಮ್ಮೆ ಬಸ್ರಾದ ಖರ್ಜೂರ ತುಂಬಿಕೊಂಡು ಮಂಗಳೂರಿಗೆ ಬಂದು, ಹೆಂಚು, ಮರ, ಹುರಿಹಗ್ಗ ತುಂಬಿಕೊಂಡು ಹೋಗುವುದು. ಗಾಳಿ ತಿರುಗುವ ತನಕ ನಾಲ್ಕು ತಿಂಗಳು ಅಲ್ಲೇ ಬಿಡಾರ. ಅಲ್ಲೊಂದು ನಿಕಾಹ್ ಆಗಿತ್ತು. ಬಾಬಾನಿಗೆ ಐದು ವರ್ಷವಾದಾಗ ತಂದೆ ಒಂದು ಬೆಳಿಗ್ಗೆ ಹಡಗು ತೋರಿಸುತ್ತೇನೆ, ಮಧ್ಯಾಹ್ನದ ಊಟಕ್ಕೆ ಬಂದುಬಿಡುವುದು ಎಂದು ಕರೆದುಕೊಂಡು ಹೋದರು. ಹಡಗು ಹೊರಟಿತು. ಮಸ್ಕತ್ ಬರುವ ತನಕ ಅತ್ತೆ, ಆಮೇಲೆ ಅಳಲಿಲ್ಲ ಅಂದರು. ಇಲ್ಲಿಯ ಹೆಂಡತಿಗೆ ಗಂಡುಮಕ್ಕಳಿರಲಿಲ್ಲ. ಆಕೆ ಎದೆಗೆ ಅಪ್ಪಿಕೊಂಡು ಸಾಕಿದರು. ಆಕೆಗೆ ನೋವಾಗಬಾರದೆಂದು ಬಾಬಾ ಬಾಯಿ ಬಿಡಲಿಲ್ಲ. ಆಮೇಲೆ ಹೆಂಡತಿ, ಮಕ್ಕಳು, ಮಾನ ಮರ್ಯಾದೆ. ಹತ್ತನೇ ವಯಸ್ಸಿನಲ್ಲಿ ತಂದೆಯೇ ಹೇಳಿದರಂತೆ, ನಿನ್ನ ಮಂಗಳೂರಿನ ತಾಯಿ ತೀರಿಕೊಂಡಳು, ಇನ್ನು ಕೇಳಬೇಡ ಎಂದು.

ಲೈಲಾ ತಂದೆಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಆ ಹೊತ್ತಿನಿಂದ ನನ್ನ ತಲೆ ಸರಿಯಿಲ್ಲ.

ಅವರಿಗೆ ಈಗ ಬೇಕಾದದ್ದು ಚಾಪೆಲೂ ಅಲ್ಲ, ಬತ್ತೇರಿಯೂ ಅಲ್ಲ. ತಾಯಿಯ ಕಬರು ಎಲ್ಲಿದೆಯೆಂದು ಗೊತ್ತಾಗಬೇಕು. ಅವರಿಗೆ ನೆನಪಿರುವುದು ಆ ಮಸೀದಿಯ ಕಂಬ, ತಾಯಿಯ ಹೆಸರು, ಮತ್ತು ಮಾವ ಬಂದರಿನ ಧಕ್ಕೆಯಲ್ಲಿ ಹೆಂಚು ಹೊರುತ್ತಿದ್ದ ಎನ್ನುವುದು. ನಿನ್ನ ಶಾಲೆಯಲ್ಲಿ ಬಂದರಿನ ಕಡೆಯ ಮಕ್ಕಳಿದ್ದಾರಲ್ಲ, ಯಾರ ಅಜ್ಜ ಅಜ್ಜಿಯಾದರೂ ಸಿಕ್ಕಾರು. ನಖೋದಾನನ್ನು ಮದುವೆಯಾಗಿದ್ದ ಬೀಫಾತಿಮಾ ಎಂದು ವಿಚಾರಿಸಿ ನೋಡು.

ದೇವರು ನಿನ್ನನ್ನೂ ಮಾವ್ಶಿಯನ್ನೂ ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಮ್ಮಿ,
ಸಿಸಿಲಿಯಾ


ಜಾಬ್ರಿಯಾ
6 ಡಿಸೆಂಬರ್ 2024

ಪ್ರೀತಿಯ ಡೆಲ್ಮಾ,

ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ಏನಾಯಿತೆಂದು ನೀನು ಎರಡು ಸಲ ಕೇಳಿದೆ, ಎರಡು ಸಲವೂ ನಾನು ಬೇರೆ ಮಾತು ತೆಗೆದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಕ್ಲಿನಿಕ್ಕಿನ ಮೇಬಲ್ ಕ್ರಿಸ್ಮಸ್ಸಿಗೆ ಊರಿಗೆ ಹೊರಟಿದ್ದಾಳೆ, ಅವಳು ತಂದು ಕೊಡುತ್ತಾಳೆ.

ನಿನ್ನ ವಿದ್ಯಾರ್ಥಿಯ ಅಜ್ಜ ಒಂದೇ ಮಾತಿಗೆ ಗುರುತು ಹಿಡಿದರೆಂದರೆ ನನಗೆ ಇನ್ನೂ ನಂಬಲಾಗುತ್ತಿಲ್ಲ. ಬೀಫಾತಿಮಾರ ತಮ್ಮನ ಮಗಳು ನೆಬೀಸಾ ನದಿಯಾಚೆಯ ಕಸಬಾ ಬೆಂಗ್ರೆಯಲ್ಲಿ ಈಗಲೂ ಇದ್ದಾರೆ, ಬೀಫಾತಿಮಾ ಅವರ ಮನೆಯಲ್ಲೇ ಬೀಡಿ ಕಟ್ಟಿಕೊಂಡು ಇದ್ದು ತೀರಿಕೊಂಡದ್ದು ಎಂದೆಲ್ಲ ಬಾಬಾನಿಗೆ ಅರಬ್ಬಿಯಲ್ಲಿ ಹೇಳಿದೆ. ಅವರು ತಲೆದೂಗುತ್ತಾ ಕೇಳಿದರು. ಇಸವಿ ಕೇಳಿದರು. ನಾನು ಚೀಟಿ ನೋಡಿ, ಸಾವಿರದ ಒಂಬೈನೂರ ತೊಂಬತ್ತೊಂದು ಎಂದೆ.

"ಇಲ್ಲ, ಐವತ್ತೇಳು" ಅಂದರು ಬಾಬಾ.

"ತೊಂಬತ್ತೊಂದು ಬಾಬಾ. ನನ್ನ ಮಗಳು ಕೇಳಿಯೇ ಬರೆಸಿದ್ದಾಳೆ."

ಅವರ ಮುಖದ ಬಣ್ಣ ಹೇಗೆ ಹೋಯಿತೆಂದರೆ ನಾನು ಬಿಪಿ ನೋಡುವ ಪಟ್ಟಿ ತರಲು ಓಡಿದೆ. ಕಟ್ಟುತ್ತಿದ್ದಾಗ ಒಂದೊಂದೇ ಶಬ್ದವಾಗಿ ಹೇಳಿದರು. "ನಾನು ಎಪ್ಪತ್ತನಾಲ್ಕರಲ್ಲಿ ಬೊಂಬಾಯಿಗೆ ಹೋಗಿದ್ದೆ. ಎಂಬತ್ತಮೂರರಲ್ಲಿ ಹೋಗಿದ್ದೆ. ಎಂಬತ್ತಮೂರರಲ್ಲಿ ಹದಿನಾರು ದಿನ ಇದ್ದೆ. ಸತ್ತವಳನ್ನು ನೋಡಲು ಯಾಕೆ ಹೋಗಬೇಕು ಅಂದುಕೊಂಡೆ." ಸತ್ತಳೆಂದು ಹೇಳಿದ ಮೇಲೂ ಮೂವತ್ತನಾಲ್ಕು ವರ್ಷ ಆ ತಾಯಿ ಬದುಕಿದ್ದಳು, ಮಗಳೇ. ಸತ್ತವಳೆಂದು ತಿಳಿದು ಮಗ ಬೊಂಬಾಯಿಯ ಹೋಟೆಲಿನಲ್ಲಿ ಕೂತು ಚಹಾ ಕುಡಿದು ವಾಪಸು ಬಂದಿದ್ದಾನೆ. ಆ ದಿನ ನಾನು ಅವರಿಗೆ ಅನ್ನ ತಿನ್ನಿಸಲು ನೋಡಿದೆ. ಹಲ್ಲು ಬಿಚ್ಚಲಿಲ್ಲ.

ಮರುದಿನ ನಾಸಿರ್ ಬಂದ. ಲೈಲಾ ಎಲ್ಲ ಹೇಳಿದ್ದಳು. ನಾನು ಬಾಬಾನ ಕಾಲು ಒತ್ತುತ್ತಿದ್ದೆ, ಅವರ ಎದುರಿಗೇ ಅವನು ನನ್ನ ಕಡೆ ತಿರುಗಿದ.

"ನಿನ್ನ ಊರು, ನಿನ್ನ ಮಗಳು, ನಿನ್ನ ಕತೆ. ಮುದುಕರ ತಲೆಯಲ್ಲಿ ಇದನ್ನೆಲ್ಲ ತುಂಬಿಸಿದವಳು ನೀನು. ನಾಳೆ ಅಲ್ಲಿಂದ ನೆಂಟರು ಅಂತ ನಾಲ್ಕು ಜನ ಬಂದು ನಿಲ್ಲಬೇಕು, ಅಲ್ವಾ? ಖಲಾಸ್. ಈ ತಿಂಗಳ ಕೊನೆಗೆ ನೀನು ಹೊರಡು."

ನಾನು ಎದ್ದು ನಿಂತೆ. ಈ ದೇಶಕ್ಕೆ ಬಂದು ಇಪ್ಪತ್ತಮೂರು ವರ್ಷ, ಯಾರೂ ನನಗೆ ಸುಳ್ಳುಗಾತಿ ಅಂದಿರಲಿಲ್ಲ. ನನ್ನ ಇಕಾಮಾ, ಎಂದರೆ ಇಲ್ಲಿ ಇರುವ ಪರವಾನಗಿ, ಇರುವುದು ಈ ಮನೆಯ ಹೆಸರಿನಲ್ಲಿ.

ಬಾಬಾ ಮಗನನ್ನು ಹತ್ತಿರ ಕರೆದರು. ದನಿ ಏರಿಸಲಿಲ್ಲ. "ನಾಸಿರ್, ನಿನ್ನ ಮಗ ಸುಲೇಮಾನನಿಗೆ ಎಷ್ಟು ವರ್ಷ?"

"ಐದು."

"ಅವನನ್ನು ನಾಳೆ ಬೆಳಿಗ್ಗೆ ನಾನು ಯಾರಿಗಾದರೂ ಕೊಟ್ಟುಬಿಡುತ್ತೇನೆ. ಸ್ವಲ್ಪ ದಿನದಲ್ಲಿ ಮರೆಯುತ್ತಾನೆ, ಅಲ್ವಾ?"

ನಾಸಿರ್ ಬಾಗಿಲು ಬಡಿದುಕೊಂಡು ಹೋದ. ನಾಲ್ಕು ದಿನ ಈ ಕಡೆ ತಲೆ ಹಾಕಲಿಲ್ಲ. ಐದನೇ ದಿನ ಲೈಲಾಳಿಗೆ ಫೋನು ಮಾಡಿ, ಮಸೀದಿಯ ಒಳಗೆ ಬಾಬಾನ ಕುರ್ಚಿ ತಳ್ಳಲು ಗಂಡಸರು ಬೇಡವಾ, ನನ್ನ ಟಿಕೆಟನ್ನೂ ತೆಗಿ ಎಂದನಂತೆ. ನನ್ನನ್ನು ಕಳಿಸುವ ಮಾತು ಮತ್ತೆ ಎತ್ತಲಿಲ್ಲ, ನನ್ನ ಹತ್ತಿರ ಕ್ಷಮೆಯೂ ಕೇಳಲಿಲ್ಲ. ಬೇಡ, ಬರುತ್ತಾನಲ್ಲ, ಅಷ್ಟು ಸಾಕು.

ಜನವರಿ ಹದಿನಾರಕ್ಕೆ ಹೊರಡುವುದು. ಲೈಲಾ ಚಾಪೆಲನ್ನು ಬಿಡಲು ಒಪ್ಪಲಿಲ್ಲ, ಬಾಬಾ ನಕ್ಕು ಆಗಲಿ ಅಂದರು. ಹಾಗಾಗಿ ನಿನ್ನ ಏಳರಲ್ಲಿ ಉಳಿದದ್ದು ಎರಡು. ಮೊದಲ ದಿನ ಚಾಪೆಲು ಮತ್ತು ಬಂದರಿನ ಮಸೀದಿ. ಮರುದಿನ ದೋಣಿಯಲ್ಲಿ ಬೆಂಗ್ರೆ, ಅದು ಯಾರ ಪಟ್ಟಿಯಲ್ಲೂ ಇಲ್ಲದ್ದು.

ಕ್ರಿಸ್ಮಸ್ಸಿಗೆ ಇಬ್ಬರೂ ಹೊಸ ಬಟ್ಟೆ ತೆಗೆದುಕೊಳ್ಳಿ. ಮಾವ್ಶಿ ಕುಸ್ವಾರಿನ ತಿಂಡಿಗಳಿಗೆ ಕೂತರೆ ಬೆನ್ನು ನೋಯಿಸಿಕೊಳ್ಳುತ್ತಾಳೆ, ಈ ಸಲ ಅಂಗಡಿಯಿಂದಲೇ ತನ್ನಿ. ನಿಮ್ಮಿಬ್ಬರಿಗೂ ಬಾಲ ಯೇಸುವಿನ ಆಶೀರ್ವಾದ ಇರಲಿ.

ನಿನ್ನ ಮಮ್ಮಿ


ಜಾಬ್ರಿಯಾ
31 ಜನವರಿ 2025

ಪ್ರೀತಿಯ ಡೆಲ್ಮಾ,

ಬಂದು ಹತ್ತು ದಿನವಾದರೂ ಒಂದು ಸಾಲು ಬರೆಯಲಿಲ್ಲ. ಇಲ್ಲಿ ಚಳಿ ವಿಪರೀತ, ಬಾಬಾನಿಗೆ ಕೆಮ್ಮು ಹಿಡಿದಿತ್ತು ಎಂದೆಲ್ಲ ಕಾರಣ ಹೇಳಬಹುದು. ನಿಜ ಹೇಳಬೇಕೆಂದರೆ ಕೂತು ಬರೆಯುವ ಧೈರ್ಯ ಬರಲಿಲ್ಲ. ನಿಮ್ಮ ಜೊತೆ ನಾನು ಕಳೆದದ್ದು ಒಂದು ಸಂಜೆ ಮಾತ್ರ. ನೀನು ಮಾಡಿದ ಸನ್ನಾಸು ಎಷ್ಟು ಮೆತ್ತಗಿತ್ತು. ಮಾವ್ಶಿಯ ಕೈಯದೇ ಹದ.

ಚಾಪೆಲಿನಲ್ಲಿ ನೀನೂ ಜೊತೆಗಿದ್ದೆ. ಲೈಲಾ ಕತ್ತು ನೋಯುವ ತನಕ ಛಾವಣಿ ನೋಡಿದ್ದು, ನೀನು ಒಂದೊಂದು ಚಿತ್ರದ ವಿಷಯ ಇಂಗ್ಲಿಷಿನಲ್ಲಿ ವಿವರಿಸಿದ್ದು, ಬಾಬಾ ನಿನ್ನನ್ನೇ ನೋಡುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ನೀನು ಶಾಲೆಗೆ ಹೋದೆ. ಅಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ಬಂದರಿನ ಮಸೀದಿಗೆ ತಂದೆ ಮಗ ಇಬ್ಬರೇ ಹೋದರು. ಲೈಲಾ ಮತ್ತು ನಾನು ಹೊರಗೆ ಕಾರಿನಲ್ಲಿ ಕೂತೆವು. ಅರ್ಧ ಗಂಟೆ ಕಳೆದು ನಾಸಿರ್ ಕುರ್ಚಿ ತಳ್ಳಿಕೊಂಡು ಬಂದ. ಕಣ್ಣು ಕೆಂಪಾಗಿತ್ತು. ಬಾಬಾ ಕಂಬದ ಹತ್ತಿರ ಕುರ್ಚಿ ನಿಲ್ಲಿಸಲು ಹೇಳಿ, ಬಲಗೈಯಲ್ಲಿ ಅದನ್ನು ತಬ್ಬಿಕೊಂಡರಂತೆ. ಚಿಕ್ಕವನಿದ್ದಾಗ ಎರಡು ಕೈಯೂ ಸುತ್ತ ಸಾಲುತ್ತಿರಲಿಲ್ಲ ಅಂದರಂತೆ. ಅಷ್ಟು ಹೇಳಿ ನಾಸಿರ್ ಕಾರಿನಾಚೆ ತಿರುಗಿ ನಿಂತ.

ಮರುದಿನ ಬೆಳಿಗ್ಗೆ ಧಕ್ಕೆಯಿಂದ ದೋಣಿ. ಮೀನಿನ ಬುಟ್ಟಿಗಳ ನಡುವೆ ನಾಲ್ಕು ಜನ ಸೇರಿ ಕುರ್ಚಿಯನ್ನು ಎತ್ತಿ ದೋಣಿಗೆ ಇಳಿಸಿದರು. "ಹಿಡ್ಕೊಳ್ಳಿ ಮಾರಾಯ್ರೆ, ಅಜ್ಜನಿಗೆ ನೀರು ಹಾರದ ಹಾಗೆ" ಎಂದು ಒಬ್ಬ ತನ್ನ ಲುಂಗಿಯನ್ನೇ ಬಿಚ್ಚಿ ಅವರ ಕಾಲಿಗೆ ಹೊದಿಸಿದ, ಅವನು ಒಳಗೆ ಚಡ್ಡಿ ಹಾಕಿದ್ದು ನಮ್ಮ ಪುಣ್ಯ. ಲೈಲಾ ನಕ್ಕಳು. ಆ ದಿನ ನಾವು ನಕ್ಕದ್ದು ಅಷ್ಟೇ.

ನೆಬೀಸಾ ಬಾಗಿಲಲ್ಲೇ ಕಾಯುತ್ತಿದ್ದರು. ಎಪ್ಪತ್ತೆರಡು ವರ್ಷ, ನೆಟ್ಟಗಿನ ಹೆಂಗಸು. ಬಾಬಾನ ಮುಖ ನೋಡಿ, "ಮಾಮಿಯದೇ ಮೂಗು" ಅಂದರು. ಮಾಮಿ ಅಂದರೆ ಸೋದರತ್ತೆ. ಬೀಫಾತಿಮಾರನ್ನು ಮಣ್ಣು ಮಾಡಿದ ಜಾಗವನ್ನು ಮೊದಲು ತೋರಿಸಿದರು. ಕಡಲತಡಿಯ ಹೊಯ್ಗೆಯಲ್ಲಿ ತಲೆಗೊಂದು ಕಾಲಿಗೊಂದು ಕಲ್ಲು, ಹೆಸರಿಲ್ಲ. ಬಾಬಾ ದುವಾ ಮಾಡಿದರು. ನಾಸಿರ್ ಕುರ್ಚಿಯ ಪಕ್ಕದಲ್ಲಿ ಹೊಯ್ಗೆಯಲ್ಲೇ ಕೂತ. ಎಲ್ಲ ಶಾಂತವಾಗಿ ಮುಗಿಯಿತೆಂದೇ ನಾನು ತಿಳಿದುಕೊಂಡೆ.

ಮನೆಗೆ ಬಂದು ಚಹಾ ಕುಡಿಯುವಾಗ ಬಾಬಾ ನನ್ನ ಹತ್ತಿರ ಹೇಳಿದರು, "ಕೇಳು ಸಿಸಿಲಿಯಾ. ನನ್ನನ್ನು ತಂದೆ ಕದ್ದುಕೊಂಡು ಹೋದರೆಂದು ತಾಯಿಗೆ ಯಾವಾಗ ತಿಳಿಯಿತು?"

ನಾನು ನೆಬೀಸಾರನ್ನು ಕೇಳಿದೆ. ನಾನು ಆಡಿದ್ದು ಮುರುಕು ಬ್ಯಾರಿ, ಅವರಿಗೆ ಅರ್ಥವಾಯಿತು. ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಕದ್ದದ್ದು ಎಂತ? ಕಳಿಸಿದ್ದು ಮಾಮಿಯೇ. ನಖೋದಾ ಕೇಳಿದ್ದ, ಹುಡುಗನನ್ನು ಕೊಡು, ಅಲ್ಲಿ ಓದಿಸುತ್ತೇನೆ, ದೊಡ್ಡ ಮನುಷ್ಯ ಆಗ್ತಾನೆ ಅಂತ. ಇಲ್ಲಿ ಎಂತ ಉಂಟು, ಅವನೂ ಹೆಂಚು ಹೊರುವುದಾ ಅಂತ ಮಾಮಿ ಒಪ್ಪಿದ್ದು. ಹೇಳಿದರೆ ಹೋಗ್ಲಿಕ್ಕಿಲ್ಲ ಅಂತ ಹೊಸ ಅಂಗಿ ಹಾಕಿಸಿ, ಹಡಗು ನೋಡಿ ಬಾ ಮೋನೆ, ಮಧ್ಯಾಹ್ನಕ್ಕೆ ಬಂಗುಡೆ ಮಾಡಿಡ್ತೇನೆ ಅಂದದ್ದು ಅವರೇ. ಸಾಯುವ ಮೊದಲು ನನ್ನ ಹತ್ತಿರ ಹೇಳಿದ್ದು. ಅದುವರೆಗೆ ಯಾರಿಗೂ ಗೊತ್ತಿಲ್ಲ."

ಡೆಲ್ಮಾ, ಅಲ್ಲಿದ್ದವರಲ್ಲಿ ಎರಡೂ ಭಾಷೆ ಬರುವವಳು ನಾನೊಬ್ಬಳೇ. ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಪ್ಪತ್ತಮೂರು ವರ್ಷ ತಂದೆಯ ಮೇಲೆ ಸಿಟ್ಟು ಇಟ್ಟುಕೊಂಡು, ತಾಯಿಯನ್ನು ಎದೆಯಲ್ಲಿಟ್ಟುಕೊಂಡು ಬದುಕಿದ ಮುದುಕ. ಸರಿಯಿಲ್ಲದ ಆರೋಗ್ಯ. ನಾನು ನರ್ಸು. ನಾನು ಅರಬ್ಬಿಯಲ್ಲಿ ಹೇಳಿದೆ, "ಮಧ್ಯಾಹ್ನ ನೀವು ಬರದಿದ್ದಾಗ ತಿಳಿಯಿತಂತೆ ಬಾಬಾ. ಧಕ್ಕೆಗೆ ಓಡಿ ಹೋದರಂತೆ."

ಬಾಬಾ ನನ್ನನ್ನು ಬಹಳ ಹೊತ್ತು ನೋಡಿದರು. "ಅವಳು ಆಡಿದ್ದು ಉದ್ದ. ನೀನು ಹೇಳಿದ್ದು ಗಿಡ್ಡ. ಅದರಲ್ಲಿ ಬಾ ಮೋನೆ ಅನ್ನುವುದು ಇತ್ತು. ನಿನ್ನ ಮಾತಿನಲ್ಲಿ ಅದಿಲ್ಲ" ಅಂದರು. ಆಮೇಲೆ, "ಸಿಸಿಲಿಯಾ, ಇಷ್ಟು ದೂರ ನಾನು ಬಂದದ್ದು ಸುಳ್ಳು ಕೇಳುವುದಕ್ಕಲ್ಲ" ಅಂದರು.

ನಾನು ಹೇಳಿದೆ. ನೆಬೀಸಾ ಹೇಳಿದ್ದಷ್ಟನ್ನೂ, ಅಂಗಿ, ಬಂಗುಡೆ, ಎಲ್ಲ. ಹೇಳುತ್ತಾ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ, ನೆಲದ ಸಿಮೆಂಟು ನೋಡುತ್ತಾ ಹೇಳಿದೆ. ಲೈಲಾ ಬಾಯಿಗೆ ಕೈ ಅಡ್ಡ ಹಿಡಿದಳು. ನಾಸಿರ್, "ಸಾಕು, ಏಳಿ, ಹೋಗೋಣ" ಎಂದು ಎದ್ದ. ಬಾಬಾ ಅವನನ್ನು ಕೈಸನ್ನೆಯಿಂದ ಕೂರಿಸಿದರು.

ಆಮೇಲೆ ಬಾಬಾ ಕೇಳಿದರು, ಅವಳು ಅಳುತ್ತಿದ್ದಳಾ ಎಂದು. ನೆಬೀಸಾ, "ನಾನು ಕಾಣಲಿಲ್ಲ. ಆದರೆ ಈ ಮನೆಯಲ್ಲಿ ಬಂಗುಡೆ ಬೇಯಿಸ್ಲಿಕ್ಕೆ ಬಿಡ್ತಿರಲಿಲ್ಲ. ಅರಬ್ಬಿ ಹಡಗು ಬಂದ ದಿನ ಮನೆಯಿಂದ ಹೊರಗೆ ಕಾಲಿಡ್ತಿರಲಿಲ್ಲ" ಅಂದರು. ನಾನು ಅದನ್ನೂ ಒಂದಕ್ಷರ ಬಿಡದೆ ಹೇಳಿದೆ.

"ಕಳಿಸಿದ್ದಕ್ಕೆ ನನಗೆ ಸಿಟ್ಟಿಲ್ಲ" ಅಂದರು ಬಾಬಾ. "ನನ್ನ ಹಣೆಬರಹ ಚೆನ್ನಾಗಿತ್ತು, ಉಂಡೆ, ಬಾಳಿದೆ. ಹೋಗು ಮಗನೇ, ಇನ್ನು ಬರಬೇಡ ಅಂದಿದ್ದರೆ ಅಳುತ್ತಾ ಹೋಗುತ್ತಿದ್ದೆ. ಆಮೇಲೆ ಅಳು ನಿಲ್ಲುತ್ತಿತ್ತು. ಮಧ್ಯಾಹ್ನಕ್ಕೆ ಅಂದಳು. ನಾನು ದಿನವೂ ಮಧ್ಯಾಹ್ನ ಆಗುವುದನ್ನೇ ನೋಡಿದೆ. ಯಾರನ್ನೂ ನಂಬಲಿಲ್ಲ. ಹೆಂಡತಿ ಅಂಗಡಿಗೆ ಹೋಗುತ್ತೇನೆ ಅಂದರೂ ಬಾಗಿಲು ನೋಡುತ್ತಾ ಕೂತಿರುತ್ತಿದ್ದೆ. ಐವತ್ತು ವರ್ಷ. ಅವಳಿಗೆ ಕಾರಣ ಹೇಳಲಿಲ್ಲ, ಅವಳು ನನ್ನನ್ನು ಸಂಶಯದವನು ಎಂದೇ ತಿಳಿದು ಸತ್ತಳು."

ಹೊರಡುವಾಗ ಅವರು ನೆಬೀಸಾರ ತಲೆ ಮುಟ್ಟಿ, ಕಬರಿಗೆ ಹೆಸರಿನ ಕಲ್ಲು ಹಾಕಿಸಲು ನಾಸಿರ್‌ಗೆ ಹೇಳಿದರು. ಯಾರ ತಾಯಿ ಎಂದು ಬರೆಸಬೇಕೆಂದು ನಾಸಿರ್ ಕೇಳಿದ. "ಜಾಸಿಮ್‌ನ ತಾಯಿ ಬೀಫಾತಿಮಾ ಎಂದು ಬರೆಸು. ಮತ್ತೆ ಯಾರ ತಾಯಿ?" ಅಂದರು. ಆ ಕೆಲಸ ನಡೆದಿದೆ, ನೆಬೀಸಾರ ಮಗ ಫೋಟೋ ಕಳಿಸಿದ್ದಾನೆ. ನಾಸಿರ್ ಈಗ ದಿನ ಬಿಟ್ಟು ದಿನ ಬರುತ್ತಾನೆ, ಮಗನನ್ನೂ ಕರೆದುಕೊಂಡು ಬರುತ್ತಾನೆ. ಮೊನ್ನೆ ನನ್ನನ್ನು "ಉಮ್ಮು ಡೆಲ್ಮಾ" ಎಂದು ಕರೆದ. ಡೆಲ್ಮಾಳ ತಾಯಿ ಎಂದು. ಇಲ್ಲಿ ಹಾಗೆ ಕರೆಯುವುದು ಮರ್ಯಾದೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಮಾವ್ಶಿಗೆ ನನ್ನ ಮುತ್ತು. ನಿನ್ನ ಕೆಲಸ, ನಿನ್ನ ಶಾಲೆಯ ಮಕ್ಕಳು, ನಿನ್ನ ಮನಸ್ಸು ಎಲ್ಲದರ ಮೇಲೂ ದೇವರ ಕೈ ಇರಲಿ. ನಿನ್ನ ಪಪ್ಪಾ ಎಲ್ಲಿದ್ದರೂ ನಿನ್ನನ್ನು ನೋಡಿ ಸಂತೋಷಪಡುತ್ತಿರಬೇಕು.

ನಿನ್ನ ಮಮ್ಮಿ,
ಸಿಸಿಲಿಯಾ

ಮರೆತು ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ: 2001ರ ಜೂನ್ ಹನ್ನೊಂದು, ಸೋಮವಾರ. ನಿನಗೆ ನಾಲ್ಕು ವರ್ಷ, ಪಪ್ಪಾ ತೀರಿಕೊಂಡು ಏಳು ತಿಂಗಳು. ಬಣ್ಣದ ಪೆನ್ಸಿಲ್ ತರುತ್ತೇನೆ, ಇಲ್ಲೇ ಮೆಟ್ಟಿಲ ಮೇಲೆ ಕೂತಿರು ಎಂದು ನಿನಗೆ ಹೇಳಿ, ನಿನ್ನನ್ನು ಮಾವ್ಶಿಯ ಹತ್ತಿರ ಬಿಟ್ಟು ನಾನು ಹೊರಗೆ ಬಂದೆ. ರಸ್ತೆಯ ತಿರುವಿನಲ್ಲಿ ಏರ್‌ಪೋರ್ಟಿಗೆ ಹೋಗುವ ಕಾರು ನಿಂತಿತ್ತು. ಹೇಳಿದರೆ ನೀನು ಬಿಡುವುದಿಲ್ಲ ಎನ್ನುವುದು ನೆಪ, ನೀನು ಅತ್ತರೆ ನನಗೆ ಹೋಗಲಾಗುವುದಿಲ್ಲ ಎನ್ನುವುದು ನಿಜ. ನೀನು ಕತ್ತಲಾಗುವ ತನಕ ಅಲ್ಲೇ ಕೂತಿದ್ದೆ, ಮರುದಿನವೂ ಹೋಗಿ ಕೂತೆ ಎಂದು ಮಾವ್ಶಿ ನನಗೆ ಬರೆದಿದ್ದಳು. ನಾನು ಆ ಕಾಗದ ಹರಿದು, ಮಗು ಮರೆಯುತ್ತದೆ, ಇನ್ನು ಅದರ ಸುದ್ದಿ ಎತ್ತಬೇಡ ಎಂದು ಅವಳಿಂದ ಮಾತು ತೆಗೆದುಕೊಂಡೆ. ಇಪ್ಪತ್ತಮೂರು ವರ್ಷದಲ್ಲಿ ನೀನು ನನ್ನನ್ನು ಒಮ್ಮೆಯೂ, ಮಮ್ಮಿ ಯಾವಾಗ ಬರ್ತೀ ಎಂದು ಕೇಳಲಿಲ್ಲ. ಅದು ನಿನ್ನ ಸ್ವಭಾವ ಎಂದುಕೊಂಡಿದ್ದೆ. ಬೆಂಗ್ರೆಯ ಆ ಮನೆಯಲ್ಲಿ ಕೂತ ಹೊತ್ತಿನಿಂದ ಹಾಗೆ ಅಂದುಕೊಳ್ಳಲು ಆಗುತ್ತಿಲ್ಲ. ನಿನಗೆ ನೆನಪಿದೆಯಾ ಡೆಲ್ಮಾ? ಇದ್ದರೆ ಇದೆ ಎಂದು ಬರೆ. ನನಗೆ ನೋವಾಗುತ್ತದೆಂದು ಇಲ್ಲ ಅನ್ನಬೇಡ.